ನೂರು ಕಿಲೋಮೀಟರ್ ಸೈಕಲ್ ತುಳಿದ ದಿನ ಶುಗರ್ ಯಾಕೆ ಹಾಗೆ ಕುಣಿಯಿತು?

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ, ತೂಕ 70 ಕೆ.ಜಿ. ಟೈಪ್ 1 ಡಯಾಬಿಟಿಸ್ ಶುರುವಾಗಿ ಒಂಬತ್ತು ವರ್ಷ ಆಯಿತು. ರಾತ್ರಿ 20 ಯೂನಿಟ್ ಗ್ಲಾರ್ಜಿನ್ (ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್), ಮೂರು ಹೊತ್ತಿನ ಊಟಕ್ಕೂ ಬೇಗ ಕೆಲಸ ಮಾಡುವ ರಾಪಿಡ್ ಇನ್ಸುಲಿನ್ ತಗೊಳ್ತೀನಿ. ತೋಳಿನಲ್ಲಿ ಶುಗರ್ ಅಳೆಯುವ ಸೆನ್ಸರ್ ಇದೆ, ಶುಗರ್ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಬಾಣದಿಂದ ತೋರಿಸುತ್ತೆ. ಹೋದ ತಿಂಗಳು ಮೊದಲ ಸಲ 100 ಕಿ.ಮೀ. ಸೈಕಲ್ ತುಳಿದೆ. ಬೆಳಿಗ್ಗೆ 6ಕ್ಕೆ ತಿಂಡಿ, ಎಂದಿನಂತೆ 8 ಯೂನಿಟ್. 6.30ಕ್ಕೆ ಹೊರಟಾಗ ಶುಗರ್ 148. 45 ಕಿ.ಮೀ. ಆದಾಗ ಸೆನ್ಸರ್‌ನಲ್ಲಿ 92, ಬಾಣ ಕೆಳಗೆ. 60ರಲ್ಲಿ ಎಲ್ಲರೂ ನಿಲ್ಲುತ್ತಾರೆ, ಅಲ್ಲೇ ತಿಂದರಾಯಿತು ಅಂದುಕೊಂಡೆ. ಅಲ್ಲಿ ತಲುಪಿದಾಗ 58, ಕೈ ನಡುಗುತ್ತಿತ್ತು. ಹೆದರಿ ಜ್ಯೂಸ್, ಚಾಕೊಲೇಟ್, ಬಿಸ್ಕೆಟ್, ಬಾಳೆಹಣ್ಣು ಸಿಕ್ಕಿದ್ದೆಲ್ಲ ತಿಂದೆ. ಮನೆ ಮುಟ್ಟುವಷ್ಟರಲ್ಲಿ 290. ಅದಕ್ಕೆ 5 ಯೂನಿಟ್ ಹಾಕಿದೆ, ಊಟಕ್ಕೆ ಎಂದಿನ ಡೋಸ್ ಬೇರೆ. ರಾತ್ರಿ 130 ಇತ್ತು, ನೆಮ್ಮದಿಯಾಗಿ ಮಲಗಿದೆ. 3 ಗಂಟೆಗೆ ಅಲಾರಂ ಹೊಡೆದಾಗ 49. ನನಗೆ ಎಚ್ಚರವೇ ಆಗಲಿಲ್ಲ, ಹೆಂಡತಿ ಎಬ್ಬಿಸಿದಳು.

ಮೂರು ತಿಂಗಳಲ್ಲಿ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಇದೆ. ಹೆಂಡತಿ ಬೇಡವೇ ಬೇಡ ಅಂತಾಳೆ. ಗುಂಪಿನಲ್ಲಿ ಒಬ್ಬರು "ಶುಗರ್ ಇರುವವರು ಜೆಲ್ (ಸವಾರಿಯಲ್ಲಿ ತಿನ್ನುವ ಸಿಹಿ ಪಾಕದ ಪೊಟ್ಟಣ) ಮುಟ್ಟಬಾರದು, ನೀರು ಮತ್ತು ಬಾದಾಮಿ ಸಾಕು" ಅಂತಾರೆ. ಇನ್ನೊಬ್ಬರು "ಆ ದಿನ ಇನ್ಸುಲಿನ್ನೇ ಬಿಟ್ಟುಬಿಡು" ಅಂತಾರೆ. ನನ್ನ ಜೊತೆ ಬರುವ ಗೆಳೆಯರಿಗೆ ಟೈಪ್ 2, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ. ಅವರಿಗೂ ಇದೇ ನಿಯಮವಾ? ನಾನು ಈ ಆಸೆ ಬಿಡಬೇಕಾ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಹೋದ ತಿಂಗಳು ಮಾಡಿದ ಹಾಗೆಯೇ ಮಾಡಿಕೊಂಡು 200 ಕಿ.ಮೀ.ಗೆ ಹೋಗುವುದು ಬೇಡ. ನಿಮ್ಮ ಪತ್ನಿಯ ಹೆದರಿಕೆ ಸುಮ್ನೆ ಬಂದದ್ದಲ್ಲ. ನಿದ್ದೆಯಲ್ಲಿ 49, ಅಲಾರಂ ಹೊಡೆದರೂ ಎಚ್ಚರ ಆಗದೇ ಇರುವುದು, ಇದನ್ನು ನಾನೂ ಹಗುರವಾಗಿ ನೋಡುವುದಿಲ್ಲ.

ನೀವು ಸಮಯ, ಅಂಕಿ, ಡೋಸ್ ಎಲ್ಲವನ್ನೂ ಬರೆದಿದ್ದೀರಿ. ಅದರಿಂದ ನನ್ನ ಕೆಲಸ ಎಷ್ಟೋ ಸುಲಭವಾಯಿತು. ಆ ದಿನವನ್ನು ಗಂಟೆ ಗಂಟೆಯಾಗಿ ಬಿಡಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಿಮ್ಮ ಶುಗರ್ ಬಿದ್ದದ್ದು ಸೈಕಲ್‌ನಿಂದ ಅಲ್ಲ. ಸೈಕಲ್ ತುಳಿಯುವ ದಿನವೂ ಮನೆಯಲ್ಲಿ ಕೂರುವ ದಿನದ ಡೋಸನ್ನೇ ಹಾಕಿಕೊಂಡಿದ್ದರಿಂದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಮೂರು ಸಲವೂ ಅದೇ ಆಯಿತು.

(ಇಲ್ಲಿರುವ ಶುಗರ್ ಅಂಕಿಗಳೆಲ್ಲ ಪ್ರತಿ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ಮಿಲಿಮೋಲ್ ತೋರಿಸುವ ಮೀಟರ್ ಇರುವವರು 18ರಿಂದ ಭಾಗಿಸಿಕೊಳ್ಳಿ.)

ಒಳಗೆ ನಡೆದದ್ದೇನು?

ಡಯಾಬಿಟಿಸ್ ಇಲ್ಲದವರು ಪೆಡಲ್ ತುಳಿಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಅವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಕಡಿಮೆ ಮಾಡುತ್ತದೆ, ಗ್ಲುಕಗಾನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಆಗ ಲಿವರ್ ತನ್ನಲ್ಲಿರುವ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತದೆ. ಕಾಲಿನ ಸ್ನಾಯು ಎಷ್ಟು ಎಳೆದುಕೊಳ್ಳುತ್ತದೋ ಲಿವರ್ ಅಷ್ಟನ್ನು ಕೊಡುತ್ತದೆ. ಹಾಗಾಗಿ ಗಂಟೆಗಟ್ಟಲೆ ತುಳಿದರೂ ಶುಗರ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ.

ನಿಮ್ಮ ವಿಷಯ ಬೇರೆ. ಚರ್ಮದ ಕೆಳಗೆ ಚುಚ್ಚಿದ 8 ಯೂನಿಟ್ಟನ್ನು ವಾಪಸ್ ಕರೆಯಲು ಆಗುವುದಿಲ್ಲ. ರಾಪಿಡ್ ಇನ್ಸುಲಿನ್‌ನ ಜೋರು ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯ ನಡುವೆ ಇರುತ್ತದೆ. ನೀವು 6 ಗಂಟೆಗೆ ಹಾಕಿಕೊಂಡದ್ದು 7ರಿಂದ 8ರ ಹೊತ್ತಿಗೆ ಪೂರ್ತಿ ಜೋರಿನಲ್ಲಿತ್ತು. ಅದೇ ಹೊತ್ತಿಗೆ ನಿಮ್ಮ ಕಾಲುಗಳೂ ಕೆಲಸ ಮಾಡುತ್ತಿದ್ದವು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ರಕ್ತದಿಂದ ಗ್ಲುಕೋಸ್ ಎಳೆದುಕೊಳ್ಳಬಲ್ಲದು. ಇನ್ಸುಲಿನ್ ಜೊತೆಗಿದ್ದರೆ ಎರಡು ಕಡೆಯಿಂದಲೂ ಸೆಳೆತ. ಅದರ ಮೇಲೆ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವಾಗ ಲಿವರ್ ಗ್ಲುಕೋಸ್ ಬಿಡುವುದನ್ನು ತಡೆಹಿಡಿಯುತ್ತದೆ. ಖರ್ಚು ಏರಿತು, ಆದಾಯ ನಿಂತಿತು. 148ರಿಂದ 58ಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಮೇಲಿನ 290? 58 ಕಂಡಾಗ ದೇಹವೇ ಅಡ್ರಿನಲಿನ್ ಸುರಿದು ಶುಗರ್ ಮೇಲೆತ್ತಲು ನೋಡಿತು. ನೀವು ತಿಂದದ್ದು, ಪಟ್ಟಿ ನೋಡಿದರೆ, 100 ಗ್ರಾಂ ಕಾರ್ಬೋಹೈಡ್ರೇಟ್‌ಗೆ ಕಡಿಮೆ ಇರಲಾರದು. ಬೇಕಿದ್ದದ್ದು 15ರಿಂದ 20 ಗ್ರಾಂ. ಅಷ್ಟರಲ್ಲಿ ಬೆಳಗಿನ ಇನ್ಸುಲಿನ್ ಇಳಿಯುತ್ತಾ ಬಂದಿತ್ತು. ಚಾಕೊಲೇಟ್‌ನ ಕೊಬ್ಬು ಅದರ ಸಕ್ಕರೆಯನ್ನು ತಡವಾಗಿ ಬಿಟ್ಟಿತು, ಅಂದರೆ ಲೋ ಆದಾಗ (ಶುಗರ್ 70ಕ್ಕಿಂತ ಕೆಳಗೆ ಬಿದ್ದಾಗ) ಉಪಯೋಗಕ್ಕೆ ಬರದೆ, ಬೇಡವಾದಾಗ ಬಂದು ಸೇರಿಕೊಂಡಿತು. ಲೋ ಆದಾಗ ಚಾಕೊಲೇಟ್ ತಿನ್ನುವ ಅಭ್ಯಾಸ ತುಂಬಾ ಜನರಿಗಿದೆ. ದಯವಿಟ್ಟು ಬಿಡಿ.

ಗುಂಪಿನವರ ಸಲಹೆಗಳು

"ಜೆಲ್ ಮುಟ್ಟಬಾರದು" ಎನ್ನುವವರು ಕುರ್ಚಿಯಲ್ಲಿ ಕುಳಿತಾಗಿನ ನಿಯಮವನ್ನು ಸೈಕಲ್ ಮೇಲೂ ತರುತ್ತಿದ್ದಾರೆ. ಲಿವರ್‌ನಲ್ಲಿ ಸಂಗ್ರಹ ಇರುವುದು ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400ರಿಂದ 500 ಗ್ರಾಂ. 200 ಕಿ.ಮೀ. ತುಳಿಯುವ ಯಾರಿಗೇ ಆದರೂ, ಡಯಾಬಿಟಿಸ್ ಇರಲಿ ಬಿಡಲಿ, ಅದು ಸಾಲುವುದಿಲ್ಲ. ದಾರಿಯಲ್ಲಿ ತಿನ್ನಲೇಬೇಕು. ನಿಧಾನವಾಗಿ ತುಳಿದರೆ ದೇಹ ಕೊಬ್ಬನ್ನು ಹೆಚ್ಚು ಉರಿಸುತ್ತದೆ ಎನ್ನುವ ಮಾತು ನಿಜ. ಆದರೆ ಏರು ಬಂದಾಗ, ಎದುರು ಗಾಳಿ ಬಂದಾಗ ಕಾಲು ಕೇಳುವುದು ಗ್ಲುಕೋಸನ್ನೇ. ಬಾದಾಮಿ ಒಳ್ಳೆಯ ಆಹಾರವೇ, ಆದರೆ ಬೀಳುತ್ತಿರುವ ಶುಗರ್‌ಗೆ ಅದರಿಂದ ಏನೂ ಆಗುವುದಿಲ್ಲ.

"ಇನ್ಸುಲಿನ್ ಬಿಟ್ಟುಬಿಡು" ಎನ್ನುವ ಸಲಹೆ ಇದಕ್ಕಿಂತ ಅಪಾಯಕಾರಿ. ಇನ್ಸುಲಿನ್ ಪೂರ್ತಿ ಇಲ್ಲದಿದ್ದರೆ ಲಿವರ್ ಲಂಗುಲಗಾಮಿಲ್ಲದೆ ಗ್ಲುಕೋಸ್ ಸುರಿಯುತ್ತದೆ, ಕೊಬ್ಬು ಕರಗಿ ಕೀಟೋನ್ ಎಂಬ ಆಮ್ಲೀಯ ವಸ್ತು ಆಗುತ್ತದೆ, ರಕ್ತ ಆಮ್ಲೀಯವಾಗುತ್ತದೆ. ವ್ಯಾಯಾಮ ಅದನ್ನು ಇನ್ನಷ್ಟು ಕೆರಳಿಸುತ್ತದೆ. ಟೈಪ್ 1 ಇರುವವರು ದೀರ್ಘಕಾಲದ ಇನ್ಸುಲಿನ್ನನ್ನು ಯಾವ ದಿನವೂ ಬಿಡುವ ಹಾಗಿಲ್ಲ. ಕಡಿಮೆ ಮಾಡುವುದು ಬೇರೆ, ಬಿಡುವುದು ಬೇರೆ.

ಟೈಪ್ 1 ಇಟ್ಟುಕೊಂಡು ಇಷ್ಟು ದೂರ ತುಳಿಯಬಹುದೇ ಎಂಬ ಅನುಮಾನ ನಿಮ್ಮ ಮನೆಯಲ್ಲಿದ್ದರೆ ಟೀಮ್ ನೋವೋ ನಾರ್ಡಿಸ್ಕ್ ಎಂಬ ವೃತ್ತಿಪರ ಸೈಕ್ಲಿಂಗ್ ತಂಡದ ಬಗ್ಗೆ ಹೇಳಿ. ಅದನ್ನು ಕಟ್ಟಿದ ಫಿಲ್ ಸದರ್‌ಲ್ಯಾಂಡ್‌ಗೂ ಟೈಪ್ 1, ಅದರ ಸೈಕ್ಲಿಸ್ಟ್‌ಗಳೆಲ್ಲರಿಗೂ ಟೈಪ್ 1. 300 ಕಿ.ಮೀ. ಹತ್ತಿರದ ಮಿಲಾನ್–ಸಾನ್ ರೆಮೋ ರೇಸ್‌ನಲ್ಲಿ ಆ ತಂಡ ಓಡಿದೆ. ಅವರ ಹಿಂದೆ ಕಾರಿನಲ್ಲಿ ವೈದ್ಯರು ಇರುತ್ತಾರೆ, ನಿಮ್ಮ ಹಿಂದೆ ಇರುವುದಿಲ್ಲ. ಆ ವ್ಯತ್ಯಾಸವನ್ನು ತಯಾರಿಯಿಂದ ತುಂಬಿಕೊಳ್ಳಬೇಕು.

ಹೊರಡುವ ಮುಂಚೆ

ತಿಂಡಿಯ ಡೋಸ್ ಬಗ್ಗೆ ನಿಮಗೆ ಮೂರು ದಾರಿ ಇದೆ. ನಾನು ಕ್ಲಿನಿಕ್‌ನಲ್ಲಿ ಜಾಸ್ತಿ ಹೇಳುವುದು ಮೊದಲನೆಯದನ್ನು.

ತಿಂದು ಎರಡು ಗಂಟೆಯೊಳಗೆ ಹೊರಡುವುದಾದರೆ ತಿಂಡಿಯ ಡೋಸನ್ನು ಅರ್ಧದಿಂದ ಮುಕ್ಕಾಲು ಭಾಗ ಇಳಿಸಬೇಕು. ನಿಮ್ಮ 8 ಯೂನಿಟ್ 4ರಿಂದ 2ರ ನಡುವೆ ಎಲ್ಲೋ ನಿಲ್ಲುತ್ತದೆ. ಮೊದಲ ಸಲ 4ರಿಂದ ಶುರು ಮಾಡಿ, ಗ್ರಾಫ್ ನೋಡಿ ಮುಂದಿನ ಸಲ ಬದಲಿಸಿ. ಇದರ ಬೆಲೆ ಎಂದರೆ ಮೊದಲ ಅರ್ಧ ಗಂಟೆ ಶುಗರ್ 200ರ ಮೇಲೆ ಹೋಗಬಹುದು. ಅಂಕಿ ನೋಡಿ ಗಾಬರಿಯಾಗಿ ದಾರಿಯಲ್ಲಿ ಎರಡು ಯೂನಿಟ್ ಹಾಕಿಕೊಂಡು, ಮುಂದಿನ ಗಂಟೆಯಲ್ಲಿ 55ಕ್ಕೆ ಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾಯಿರಿ, ಕಾಲುಗಳು ಅದನ್ನು ಇಳಿಸುತ್ತವೆ.

ಎರಡನೆಯದು, ಮೂರು ನಾಲ್ಕು ಗಂಟೆ ಮೊದಲೇ ತಿಂದು ಎಂದಿನ ಡೋಸ್ ಹಾಕಿಕೊಳ್ಳುವುದು. ಹೊರಡುವಾಗ ಅದರ ಜೋರು ಇಳಿದಿರುತ್ತದೆ. ಶುಗರ್ ಇದರಲ್ಲೇ ಹೆಚ್ಚು ಸಮತೋಲನದಲ್ಲಿರುತ್ತದೆ. ಆದರೆ 6ಕ್ಕೆ ಹೊರಡುವ ಬ್ರೆವೆಗೆ ರಾತ್ರಿ ಮೂರಕ್ಕೆ ಏಳಬೇಕು. ನಿದ್ದೆಗೆಟ್ಟು 13 ಗಂಟೆ ರಸ್ತೆಯಲ್ಲಿರುವುದು ಬೇರೆಯದೇ ಅಪಾಯ.

ಮೂರನೆಯದು, ತಿಂಡಿಯೂ ಇಲ್ಲ, ತಿಂಡಿಯ ಇನ್ಸುಲಿನ್ನೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೊರಟು, ಅರ್ಧ ಗಂಟೆಯಿಂದ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋಗುವುದು. ಕೆಲವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಬೆಳಗಿನ ಹೊತ್ತು ಶುಗರ್ ತಾನಾಗಿ ಏರುವವರಿಗೆ ಹೊಂದುವುದಿಲ್ಲ. ಎರಡು ಗಂಟೆಯ ಸವಾರಿಗೆ ಪರವಾಗಿಲ್ಲ, ಇಡೀ ದಿನದ ಸವಾರಿಗೆ ನನಗೆ ಇಷ್ಟವಿಲ್ಲ.

ಗ್ಲಾರ್ಜಿನ್ನನ್ನು ಇಡೀ ದಿನದ ಸವಾರಿಯ ಹಿಂದಿನ ರಾತ್ರಿ ಸುಮಾರು ಶೇ. 20 ಇಳಿಸುವುದುಂಟು. ನಿಮ್ಮ 20 ಯೂನಿಟ್ 16 ಆಗುತ್ತದೆ. ಇದನ್ನು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ಮಾಡಿ. ಡೆಗ್ಲುಡೆಕ್ ಎಂಬ ಇನ್ನೊಂದು ದೀರ್ಘಕಾಲದ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು 42 ಗಂಟೆಗೂ ಮೀರಿ ದೇಹದಲ್ಲಿ ಉಳಿಯುತ್ತದೆ, ಒಂದು ರಾತ್ರಿ ಇಳಿಸಿದರೆ ಮರುದಿನ ಅಷ್ಟಾಗಿ ಗೊತ್ತಾಗುವುದಿಲ್ಲ. ಇನ್ಸುಲಿನ್ ಪಂಪ್ ಇರುವವರು ಹೊರಡುವ ಒಂದರಿಂದ ಒಂದೂವರೆ ಗಂಟೆ ಮೊದಲೇ ಬೇಸಲ್ಲನ್ನು (ಪಂಪ್ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುವ ಇನ್ಸುಲಿನ್ನನ್ನು) ಶೇ. 50ರಿಂದ 80 ಇಳಿಸಬೇಕು. ಹೊರಡುವ ಕ್ಷಣದಲ್ಲಿ ಇಳಿಸಿದರೆ ಅದರ ಫಲ ಸಿಗುವಷ್ಟರಲ್ಲಿ ಲೋ ಆಗಿರುತ್ತದೆ.

ತೊಡೆಗೆ ಚುಚ್ಚಿಕೊಂಡು ಸೈಕಲ್ ಹತ್ತಬೇಡಿ. ಕೆಲಸ ಮಾಡುವ ಕಾಲಿನಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಆ ದಿನ ಹೊಟ್ಟೆಯೇ ಸರಿ.

ಹೊರಡುವಾಗಿನ ಅಂಕಿ 126ರಿಂದ 180ರ ನಡುವೆ ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲುಕೋಸ್ ತಿಂದು, ಅದು ಮೇಲೆ ಬಂದ ಮೇಲೆ ಹೊರಡಿ. 90ರಿಂದ 125ರ ನಡುವೆ ಇದ್ದರೆ 10 ಗ್ರಾಂ ತಿಂದು ಹೊರಡಬಹುದು. 270 ದಾಟಿದ್ದು, ಅದಕ್ಕೆ ತಿಂದ ಊಟ ಕಾರಣವಲ್ಲ ಎಂದಾದರೆ ಕೀಟೋನ್ ನೋಡಲೇಬೇಕು. ರಕ್ತದ ಕೀಟೋನ್ ಲೀಟರ್‌ಗೆ 1.5 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆ ದಿನ ಸೈಕಲ್ ಇಲ್ಲ, ವೈದ್ಯರಿಗೆ ಫೋನ್ ಮಾಡಿ. 0.6ರಿಂದ 1.4ರ ನಡುವೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ.

ಮುಖ್ಯವಾದ ಇನ್ನೊಂದು ಮಾತು. ಹಿಂದಿನ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗುವಷ್ಟು ಜೋರಾಗಿ ಲೋ ಆಗಿದ್ದರೆ ಸವಾರಿ ಮುಂದೂಡಿ. ಒಮ್ಮೆ ಲೋ ಆದ ದೇಹ ಮರುದಿನ ಎಚ್ಚರಿಕೆ ಕೊಡುವುದರಲ್ಲೂ ಹಿಂದೆ ಬೀಳುತ್ತದೆ, ಎದುರಿಸುವುದರಲ್ಲೂ ಹಿಂದೆ ಬೀಳುತ್ತದೆ. ನಿಮ್ಮ ಪತ್ನಿ ನಿಮ್ಮನ್ನು ಎಬ್ಬಿಸಬೇಕಾಯಿತಲ್ಲ, ಅದು ಈ ಲೆಕ್ಕಕ್ಕೇ ಸೇರುತ್ತದೆ.

ಸೈಕಲ್ ಮೇಲೆ

60ನೇ ಕಿಲೋಮೀಟರ್‌ಗೆ ಕಾದದ್ದು ನಿಮ್ಮ ಆ ದಿನದ ದೊಡ್ಡ ತಿರುವು. 92, ಬಾಣ ಕೆಳಗೆ. ಆ ಪರದೆ ನೋಡಿದಾಗಲೇ ಕೈ ಜೇಬಿಗೆ ಹೋಗಬೇಕಿತ್ತು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಶುಗರ್ ಬೇಗ ಬೀಳುವಾಗ ಅದು ಹಿಂದೆ ಉಳಿಯುತ್ತದೆ. ಸೆನ್ಸರ್ 92 ಅನ್ನುವಾಗ ರಕ್ತ ಆಗಲೇ 80ರ ಆಸುಪಾಸಿನಲ್ಲಿರಬಹುದು. ಹಾಗಾಗಿ ಸವಾರಿಯಲ್ಲಿ ಅಂಕಿಗಿಂತ ಬಾಣವನ್ನು ನಂಬಿ. ಕೆಳಗಿನ ಅಲಾರಂ ಎಂದಿನಂತೆ 70ಕ್ಕೆ ಬೇಡ, 100ಕ್ಕೆ ಇಟ್ಟುಕೊಳ್ಳಿ. 120 ಇದ್ದು ಬಾಣ ಕೆಳಗಿದ್ದರೂ 10–15 ಗ್ರಾಂ ಬಾಯಿಗೆ ಹಾಕಿ.

ಶುಗರ್ ಬೀಳಲಿ ಎಂದು ಕಾಯದೆ, ಹೊರಟ ಅರ್ಧ ಗಂಟೆಯಿಂದಲೇ ತಿನ್ನಲು ಶುರು ಮಾಡಿ. ಎರಡೂವರೆ ಗಂಟೆಯೊಳಗಿನ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎನ್ನುವುದು ಸಾಮಾನ್ಯ ಲೆಕ್ಕ. ಅದಕ್ಕಿಂತ ಉದ್ದದ, ಜೋರಾದ ಸವಾರಿಯಲ್ಲಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಎರಡೂ ಇರುವ ಆಹಾರದಿಂದ ಗಂಟೆಗೆ 75–90 ಗ್ರಾಂವರೆಗೂ ಹೋಗುವವರಿದ್ದಾರೆ. ಅದು ರೇಸ್ ಓಡುವವರಿಗೆ, ಹೊಟ್ಟೆಗೆ ಅಭ್ಯಾಸ ಮಾಡಿಸಿದವರಿಗೆ. 200 ಕಿ.ಮೀ. ಬ್ರೆವೆಗೆ ಕೊಡುವ ಸಮಯ 13 ಗಂಟೆ 30 ನಿಮಿಷ. ಆ ವೇಗಕ್ಕೆ ಗಂಟೆಗೆ 40 ಗ್ರಾಂನಿಂದ ಶುರು ಮಾಡಿ ನೋಡಿ. ಒಂದೇ ಸಲ ನುಂಗಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ 13–14 ಗ್ರಾಂ, ಅಂದರೆ ಒಂದು ಜೆಲ್‌ನ ಅರ್ಧ, ಇಲ್ಲವೇ ಸಣ್ಣ ಬಾಳೆಹಣ್ಣಿನ ಮುಕ್ಕಾಲು ಭಾಗ. ಪೊಟ್ಟಣದ ಹಿಂದಿನ ಗ್ರಾಂ ಲೆಕ್ಕ ಮನೆಯಲ್ಲೇ ಓದಿ, ಅಂಟುಪಟ್ಟಿಯ ಮೇಲೆ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳಿ. ನೂರನೇ ಕಿಲೋಮೀಟರ್‌ನಲ್ಲಿ ಮನಸ್ಸಿನಲ್ಲಿ ಲೆಕ್ಕ ಮಾಡುವುದು ಕಷ್ಟ.

ಈ ತಿನಿಸಿಗೆಲ್ಲ ಇನ್ಸುಲಿನ್ ಬೇಕಾ? ಮೊದಲ ಕೆಲವು ಗಂಟೆ ಬೇಡ. ಆದರೆ ದಿನವಿಡೀ ಊಟದ ಇನ್ಸುಲಿನ್ ಒಂದು ಚುಕ್ಕೆಯೂ ಇಲ್ಲದೆ ತಿನ್ನುತ್ತಾ ಹೋದರೆ ಶುಗರ್ ಏರುತ್ತಾ ಹೋಗಿ ಕೀಟೋನ್ ಶುರುವಾಗಬಹುದು. ನಡುವೆ ಅರ್ಧ ಗಂಟೆ ಕುಳಿತು ಊಟ ಮಾಡುವುದಾದರೆ ಎಂದಿನ ಡೋಸ್‌ನ ಅರ್ಧಕ್ಕಿಂತ ಕಡಿಮೆ, ಹಲವರಿಗೆ ಕಾಲು ಭಾಗ, ಸಾಕಾಗುತ್ತದೆ. ಎಷ್ಟು ಎಂಬುದು ನಿಮ್ಮ ಅಭ್ಯಾಸದ ಸವಾರಿಗಳಿಂದಲೇ ಗೊತ್ತಾಗಬೇಕು.

ಕಡಿದಾದ ಏರಿನಲ್ಲಿ ಶುಗರ್ ಇದ್ದಕ್ಕಿದ್ದಂತೆ 40–50 ಮೇಲೆ ಹೋದರೆ ಹೆದರಬೇಡಿ. ಉಸಿರು ಕಟ್ಟುವಷ್ಟು ತುಳಿದಾಗ ಅಡ್ರಿನಲಿನ್ ಲಿವರ್‌ನಿಂದ ಗ್ಲುಕೋಸ್ ಹೊರಡಿಸುತ್ತದೆ. ಏರು ಮುಗಿದ ಮೇಲೆ ತಾನಾಗಿ ಇಳಿಯುತ್ತದೆ.

ಬೆರಳಿನ ಪರೀಕ್ಷೆಯ ಒಂದು ಎಚ್ಚರಿಕೆ ಹೇಳಲೇಬೇಕು. ಜೆಲ್ ಹರಿದ ಬೆರಳು, ಬಾಳೆಹಣ್ಣು ಸುಲಿದ ಬೆರಳು ಅಂಟಂಟಾಗಿರುತ್ತದೆ. ಅದೇ ಬೆರಳಿಗೆ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆ ಹನಿಗೆ ಸೇರಿ ಮೀಟರ್ 250–300 ತೋರಿಸಬಹುದು. ಒಳಗೆ ನಿಜವಾಗಿ ಇರುವುದು 75. ಅದನ್ನು ನಂಬಿ ಇನ್ಸುಲಿನ್ ಹಾಕಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ. ಬಾಟಲಿಯ ನೀರಿನಿಂದ ಬೆರಳು ತೊಳೆದು ಒರೆಸಿ ಚುಚ್ಚಿ. ಬಾಟಲಿಯಲ್ಲಿ ಸಿಹಿ ಪಾನೀಯ ಇದ್ದರೆ ಅದರಿಂದಲ್ಲ, ಸಾದಾ ನೀರಿನದ್ದು ಒಂದು ಬಾಟಲಿ ಯಾವಾಗಲೂ ಇರಲಿ. ತೊಳೆಯಲು ಆಗದಿದ್ದರೆ ಮೊದಲ ಹನಿ ಒರೆಸಿ ಎರಡನೆಯ ಹನಿ ಬಳಸಿ.

ಲೋ ಆದರೆ

ನಿಲ್ಲಿಸಿ. ತುಳಿಯುತ್ತಾ ತಿನ್ನುವುದಲ್ಲ, ರಸ್ತೆ ಬದಿಗೆ ಬಂದು ಸೈಕಲ್ ಇಳಿಯಿರಿ. 70ಕ್ಕಿಂತ ಕಡಿಮೆಯಾದರೆ 15ರಿಂದ 20 ಗ್ರಾಂ ಗ್ಲುಕೋಸ್, ಹದಿನೈದು ನಿಮಿಷ ಕಾಯುವುದು, ಮತ್ತೆ ಬೆರಳು ಚುಚ್ಚಿ ನೋಡುವುದು. ಆ ಹದಿನೈದು ನಿಮಿಷ ತುಂಬಾ ಉದ್ದ ಅನಿಸುತ್ತದೆ. ಹಸಿವು ಕಾಡುತ್ತದೆ, ಇನ್ನೂ ತಿನ್ನು ಅನ್ನುತ್ತದೆ. ನಿಮ್ಮ 290 ಹುಟ್ಟಿದ್ದು ಆ ಹೊತ್ತಿನಲ್ಲೇ. 100 ದಾಟಿದ ಮೇಲೆ ಸ್ವಲ್ಪ ತಿಂದು ಹೊರಡಬಹುದು. 54ಕ್ಕಿಂತ ಕೆಳಗೆ ಹೋಗಿದ್ದರೆ ಆ ದಿನದ ಸವಾರಿ ಅಲ್ಲಿಗೆ ಮುಗಿಯಿತು ಎಂದುಕೊಳ್ಳಿ. ಶುಗರ್ ಮೇಲೆ ಬಂದರೂ ಮೆದುಳು ಪೂರ್ತಿ ಚುರುಕಾಗಲು ಸಮಯ ಬೇಕು, ಮತ್ತೆ ಬೀಳುವ ಸಾಧ್ಯತೆಯೂ ಜಾಸ್ತಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು ಅರ್ಧ ಕ್ಷಣ ತಡವಾದರೆ ಸಾಕಲ್ವಾ?

ಸೈಕ್ಲಿಂಗ್‌ನಲ್ಲಿ ತೊಂದರೆ ಏನೆಂದರೆ ಲೋ ಲಕ್ಷಣವೂ ದಣಿವಿನ ಲಕ್ಷಣವೂ ಒಂದೇ ಥರ. ಬೆವರು, ಎದೆಬಡಿತ, ಕಾಲು ಸೋಲುವುದು. ನಾನು ರೋಗಿಗಳಿಗೆ ಬೇರೆ ಗುರುತು ಹೇಳಿಕೊಡುತ್ತೇನೆ. ತುಟಿ ಜುಮ್ಮೆನ್ನುವುದು. ಇನ್ನೆಷ್ಟು ಕಿಲೋಮೀಟರ್ ಉಳಿಯಿತು ಎಂಬ ಸಣ್ಣ ಲೆಕ್ಕ ತಪ್ಪುವುದು. ಯಾವ ಗೇರ್ ಹಾಕಬೇಕು ಎಂದು ತೋಚದಿರುವುದು. ಸುಮ್ಮಸುಮ್ಮನೆ ಸಿಟ್ಟು. ಇವನ್ನು ಜೊತೆಯವರಿಗೂ ಹೇಳಿ. ಮಾತಾಡುತ್ತಿದ್ದವರು ಮೌನವಾಗಿ, ಸೈಕಲ್ ಅತ್ತಿತ್ತ ವಾಲತೊಡಗಿದರೆ ಕೇಳುತ್ತಾ ನಿಲ್ಲಬಾರದು, ನಿಲ್ಲಿಸಿ ಗ್ಲುಕೋಸ್ ಕೊಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು. ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಬೇಕು, ಗ್ಲುಕಗಾನ್ ಇದ್ದರೆ ಕೊಡಬೇಕು. ಆದರೆ ಒಂದು ತಿಳಿದಿರಲಿ: ಗ್ಲುಕಗಾನ್ ಲಿವರ್‌ನ ಸಂಗ್ರಹವನ್ನು ಬಿಡಿಸುವ ಔಷಧ. ಎಂಟು ಹತ್ತು ಗಂಟೆ ತುಳಿದು ಸಂಗ್ರಹ ಖಾಲಿಯಾಗಿದ್ದರೆ ಅದು ಎಂದಿನಷ್ಟು ಕೆಲಸ ಮಾಡದೇ ಇರಬಹುದು. ಅದಕ್ಕೇ ಆಂಬುಲೆನ್ಸ್ ಕರೆಯುವುದು ಮೊದಲು.

ಗ್ಲುಕೋಸ್ ಮಾತ್ರೆ ಸೀಟಿನ ಕೆಳಗಿನ ಚೀಲದಲ್ಲಲ್ಲ, ಜರ್ಸಿಯ ಜೇಬಿನಲ್ಲಿ ಕೈಗೆ ಸಿಗುವಂತಿರಲಿ. ಇನ್ಸುಲಿನ್ ಪೆನ್ನನ್ನು ಮಾತ್ರ ಬೆವರುವ ಬೆನ್ನಿಗೆ ಅಂಟಿಸಿಕೊಂಡು ಹೋಗಬೇಡಿ. ಬಳಕೆಯಲ್ಲಿರುವ ಪೆನ್ನಿಗೆ 30 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖ ಒಳ್ಳೆಯದಲ್ಲ. ಶಾಖ ತಡೆಯುವ ಸಣ್ಣ ಚೀಲ ಬೇಕು.

ಮನೆಗೆ ಬಂದ ಮೇಲೆ

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರಸ್ತೆಯ 58 ಅಲ್ಲ, ರಾತ್ರಿಯ 49. ಉದ್ದದ ಸವಾರಿ ಆದ ಮೇಲೆ ಖಾಲಿಯಾದ ಸ್ನಾಯು ಮತ್ತು ಲಿವರ್ ಗಂಟೆಗಟ್ಟಲೆ ರಕ್ತದಿಂದ ಗ್ಲುಕೋಸ್ ಎಳೆದುಕೊಂಡು ಸಂಗ್ರಹ ತುಂಬಿಕೊಳ್ಳುತ್ತಿರುತ್ತವೆ. ಇನ್ಸುಲಿನ್‌ಗೆ ದೇಹ ಜಾಸ್ತಿ ಸ್ಪಂದಿಸುತ್ತದೆ. ಇದು 24 ಗಂಟೆ, ಕೆಲವೊಮ್ಮೆ ಅದಕ್ಕೂ ಮೀರಿ ಇರುತ್ತದೆ. ನಿದ್ದೆಯಲ್ಲಿ ಲೋ ಲಕ್ಷಣಗಳು ಎಬ್ಬಿಸುವಷ್ಟು ಜೋರಾಗಿರುವುದಿಲ್ಲ. ಹಗಲು ಒಮ್ಮೆ ಲೋ ಆಗಿದ್ದರೆ ಇನ್ನೂ ಮಂಕು.

ಇಂಥ ದೇಹಕ್ಕೆ ನೀವು 290 ಇಳಿಸಲು 5 ಯೂನಿಟ್, ಊಟಕ್ಕೆ ಪೂರ್ತಿ ಡೋಸ್, ರಾತ್ರಿ ಪೂರ್ತಿ ಗ್ಲಾರ್ಜಿನ್ ಕೊಟ್ಟಿರಿ. ಮುಂದಿನ ಸಲ ಸವಾರಿಯ ನಂತರ ಶುಗರ್ ಏರಿದ್ದರೆ, ಅದನ್ನು ಇಳಿಸಲು ಎಂದಿನಂತೆ ಹಾಕುವ ಡೋಸ್‌ನ ಅರ್ಧ ಮಾತ್ರ ಹಾಕಿ. ಅದಕ್ಕೂ ಮುಂಚೆ ಅರ್ಧ ಗಂಟೆ ಕಾದು ನೋಡಿ, ಎಷ್ಟೋ ಸಲ ತಾನೇ ಇಳಿಯುತ್ತದೆ. ಊಟ ತಪ್ಪಿಸಬೇಡಿ, ಸಂಗ್ರಹ ತುಂಬಲು ಅದು ಬೇಕು. ಆದರೆ ಆ ಊಟದ ಇನ್ಸುಲಿನ್ನನ್ನೂ, ರಾತ್ರಿ ಊಟದ್ದನ್ನೂ ಇಳಿಸಿ, ಅರ್ಧದವರೆಗೂ ಹೋಗಬೇಕಾಗಬಹುದು. ಗ್ಲಾರ್ಜಿನ್ ಆ ರಾತ್ರಿಯೂ ಶೇ. 20 ಕಡಿಮೆ. ಮಲಗುವಾಗ ಇನ್ಸುಲಿನ್ ಇಲ್ಲದೆ 25–30 ಗ್ರಾಂ ಕಾರ್ಬೋಹೈಡ್ರೇಟ್ ಇರುವ, ನಿಧಾನವಾಗಿ ಜೀರ್ಣವಾಗುವ ಏನಾದರೂ ತಿನ್ನಿ. ಇದರಿಂದ ಬೆಳಿಗ್ಗೆ ಶುಗರ್ 180–200 ಇರಬಹುದು. ಒಂದು ಬೆಳಿಗ್ಗೆಯ 190ರಿಂದ ಏನೂ ಕೆಡುವುದಿಲ್ಲ, ರಾತ್ರಿಯ 49ರಿಂದ ಪ್ರಾಣಕ್ಕೇ ಅಪಾಯ.

130 ಎಂಬ ಅಂಕಿ ಬೇರೆ ರಾತ್ರಿ ಚೆನ್ನಾಗಿದೆ, ಸವಾರಿಯ ರಾತ್ರಿ ಸಾಲದು. ಅಲಾರಂ 90ಕ್ಕೆ ಇಟ್ಟು, ಫೋನ್ ದೂರದಲ್ಲಿ ಜೋರು ಶಬ್ದದಲ್ಲಿ ಇಡಿ. ಸೆನ್ಸರ್‌ನ ಮಾಹಿತಿ ಪತ್ನಿಯ ಫೋನಿಗೂ ಹೋಗುವಂತೆ ಮಾಡಿಕೊಡಿ. ಅವರ ಭಯ ಅರ್ಧ ಕಡಿಮೆಯಾಗುತ್ತದೆ. ಸೆನ್ಸರ್ ಇರುವ ತೋಳಿನ ಮೇಲೆ ಒರಗಿ ಮಲಗಿದರೆ ಒತ್ತಡದಿಂದ ಸುಳ್ಳು ಲೋ ತೋರಿಸುವುದುಂಟು. ಅನುಮಾನ ಬಂದರೆ ಬೆರಳು ಚುಚ್ಚಿ ನೋಡಿ. ಆ ಸಂಜೆ ಮದ್ಯ ಬೇಡ. ಅದು ಲಿವರ್ ಗ್ಲುಕೋಸ್ ಬಿಡುವುದನ್ನು ತಡೆಯುತ್ತದೆ.

ನಿಮ್ಮ ಗೆಳೆಯರ ವಿಷಯ

ಟೈಪ್ 2ಕ್ಕೆ ನಿಯಮ ಬೇರೆ, ಅದು ಮಾತ್ರೆಯ ಮೇಲೆ ನಿಂತಿದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಹಾಗಲ್ಲ. ಅವು ಶುಗರ್ ಎಷ್ಟಿದ್ದರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಉದ್ದದ ಸವಾರಿಯ ದಿನ ಇಳಿಸಬೇಕೇ, ಬಿಡಬೇಕೇ ಎಂದು ಅವರು ವೈದ್ಯರನ್ನು ಕೇಳಲೇಬೇಕು. ಅವರ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಲೋ ಆದಾಗ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸೇ ಬೇಕು. ಹೆಸರು "ಗ್ಲಿಫ್ಲೋಜಿನ್" ಎಂದು ಮುಗಿಯುವ ಮಾತ್ರೆ ಇದ್ದರೆ ನೀರು ಒಣಗುವುದು ಮತ್ತು ಶುಗರ್ ಜಾಸ್ತಿ ಇಲ್ಲದೆಯೂ ಕೀಟೋನ್ ಏರುವುದು, ಈ ಎರಡರ ಭಯ ಇದೆ. ಇಡೀ ದಿನದ ಸವಾರಿಗೆ ಮುಂಚೆ ಅದನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ಕೇಳಿಕೊಳ್ಳಲಿ. ಬಿ.ಪಿ.ಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಲೋ ಆದಾಗ ಎದೆಬಡಿತ, ನಡುಕ ಗೊತ್ತಾಗದೇ ಹೋಗಬಹುದು. ಮತ್ತೆ, ಒಂದು ಗಂಟೆಯ ಸವಾರಿಗೆ ಅವರಿಗೆ ಜೆಲ್ ಬೇಕಾಗಿಲ್ಲ.

ಇನ್ನು ಮೂರು ತಿಂಗಳು

ಮೊದಲು ಕಣ್ಣಿನ ರೆಟಿನಾ, ಪಾದದ ಸ್ಪರ್ಶ, ಮೂತ್ರಪಿಂಡ, ಹೃದಯ ಪರೀಕ್ಷೆ ಮಾಡಿಸಿ. ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಚಿಕಿತ್ಸೆ ಆಗುವವರೆಗೆ ಏರಿನಲ್ಲಿ ಮುಕ್ಕಿರಿದು ತುಳಿಯುವುದು ಬೇಡ. ಪಾದಕ್ಕೆ ಸ್ಪರ್ಶ ಕಡಿಮೆ ಇದ್ದರೆ ಬಿಗಿ ಶೂ ಒಳಗಿನ ಗಾಯ ಗೊತ್ತೇ ಆಗುವುದಿಲ್ಲ, ಪ್ರತಿ ಸವಾರಿಯ ನಂತರ ಪಾದ ತಿರುಗಿಸಿ ನೋಡಿ. ಬ್ರೆವೆ ರೇಸ್ ಅಲ್ಲ. ಮುಂದೆ ಎಂದಾದರೂ ಉದ್ದೀಪನ ಪರೀಕ್ಷೆ ಇರುವ ರೇಸ್‌ಗೆ ಹೋದರೆ, ಇನ್ಸುಲಿನ್ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧಿತ ಪಟ್ಟಿಯಲ್ಲಿರುವುದರಿಂದ ಚಿಕಿತ್ಸೆಗಾಗಿ ಬಳಸುವ ಅನುಮತಿ ಮೊದಲೇ ಪಡೆಯಬೇಕು.

ಆಮೇಲೆ ಅಭ್ಯಾಸ. 150ಕ್ಕೆ ಹೋಗುವ ಮುಂಚೆ ಅದೇ 100 ಕಿ.ಮೀ. ದಾರಿಯನ್ನು, ಅದೇ ಸಮಯಕ್ಕೆ, ಅದೇ ತಿಂಡಿ ತಿಂದು ಮತ್ತೆ ತುಳಿಯಿರಿ. ತಿಂಡಿಯ ಡೋಸ್ 4 ಯೂನಿಟ್, ಇಪ್ಪತ್ತು ನಿಮಿಷಕ್ಕೊಮ್ಮೆ ತಿನಿಸು, ರಾತ್ರಿ ಗ್ಲಾರ್ಜಿನ್ 16. ಈ ಬದಲಾವಣೆಗೆ ನಿಮ್ಮ ವೈದ್ಯರ ಒಪ್ಪಿಗೆ ಮೊದಲು ಪಡೆಯಿರಿ, ಈ ಉತ್ತರವನ್ನೇ ತೋರಿಸಬಹುದು. ಸಮಯ, ಅಂಕಿ, ಬಾಣ, ತಿಂದ ಗ್ರಾಂ, ಹಾಕಿದ ಯೂನಿಟ್ ಬರೆದಿಡಿ. ಅದರ ಮುಂದಿನ ಸವಾರಿಯಲ್ಲಿ ಒಂದನ್ನು ಮಾತ್ರ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. 100ರಲ್ಲಿ ಎರಡು ಸಲ, 150ರಲ್ಲಿ ಒಮ್ಮೆಯಾದರೂ ಹಗಲು 70ರ ಕೆಳಗೆ ಬೀಳದೆ, ಆ ರಾತ್ರಿಯೂ ಬೀಳದೆ ಮುಗಿಸಿದರೆ ಬ್ರೆವೆಗೆ ಹೆಸರು ಕೊಡಿ. ಮೂರು ತಿಂಗಳಲ್ಲಿ ಅದು ಆಗದಿದ್ದರೆ ಈ ಬ್ರೆವೆ ಬಿಟ್ಟು ಮುಂದಿನದಕ್ಕೆ ಹೋಗಿ. ಮುಂದಿನ 100 ಕಿ.ಮೀ. ಆದ ಮೇಲೆ ಆ ದಿನದ ಗ್ರಾಫ್ ಜೊತೆ ರಾತ್ರಿಯದನ್ನೂ ನನಗೆ ಕಳಿಸಿ.